ಬೆರಳು ಮಾಡಬಾರದ ಮಡ್ಡಿ

ಜನವರಿ 11, 2005

ಕಂಪ್ಲಿಯ ರೈಸ್ ಮಿಲ್ಲಿನವರು ಹೊಸ ವರ್ಷಕ್ಕೆ ಕೊಟ್ಟ ಡೈರಿ ಇದು. ಆಗಲೇ ಹತ್ತು ಹಾಳೆ ಖಾಲಿ ಹೋದವು. ಪಂಚಾಯ್ತಿ ಮೆಂಬರ್ ಆದವನು ದಿನಕ್ಕೆ ನಾಲ್ಕು ಸಾಲಾದರೂ ಬರೆದಿಡಬೇಕು. ಈ ದೊಡ್ಡಬಸಪ್ಪ ಐದು ವರ್ಷ ಏನು ಕಡಿದು ಗುಡ್ಡೆ ಹಾಕಿದ ಎಂದು ಯಾರಾದರೂ ಕೇಳಿದರೆ ನನಗಾದರೂ ನೆನಪಿರಲಿ.

ಇವತ್ತು ಸರ್ವೆಯವರು ಬಂದು ಮಡ್ಡಿ ಅಳೆದರು. ನಮ್ಮೂರಿನಲ್ಲಿ ಕಾಲುವೆ ನೀರು ಹತ್ತದ ಎತ್ತರದ ಜಾಗ ಅದೊಂದೇ. ಉಳಿದದ್ದೆಲ್ಲ ಗದ್ದೆ. ದಾಖಲೆಯಲ್ಲಿ ಮಡ್ಡಿ ಸರ್ಕಾರದ್ದು, ಬಾಯಿಮಾತಿನಲ್ಲಿ ಊರಿನದು. ಏತಕ್ಕೆ ಅಳೆಯುತ್ತಿದ್ದೀರಿ ಎಂದರೆ ಮೇಲಿನಿಂದ ಆರ್ಡರ್ ಬಂದಿದೆ ಎಂದರು. ಹೈಸ್ಕೂಲಿಗೆ ಜಾಗ ಕೇಳಿ ನಾನು ಮೂರು ಅರ್ಜಿ ಕೊಟ್ಟಿದ್ದೆ. ಅದೇ ಇರಬೇಕು. ಮಂದಿಗೆ ಹಾಗೆಯೇ ಹೇಳಿದೆ.

ಮಧ್ಯಾಹ್ನ ಸರ್ವೆಯರ್ ಪಡುವಣ ಇಳಿಜಾರಿನ ಕಡೆ ನೋಡಿ, "ಆ ಕಡಿ ಏನೈತ್ರಿ?" ಎಂದ. ಅಲ್ಲಿ ಮಣ್ಣಾದ ನಮ್ಮ ಹಿರಿಯರಿದ್ದಾರೆ. ಮೇಲಿನ ಮಗ್ಗಲು ನಮ್ಮವರು, ಕೆಳಗಿನ ಮಗ್ಗಲು ಆಡು ಕಾಯುವ ದುರ್ಗಕ್ಕನ ಕೇರಿಯವರು. ಆ ಜಾಗದ ಹೆಸರು ಎತ್ತುವುದಿಲ್ಲ, ಅದಕ್ಕೆ ಬೆರಳು ಮಾಡುವುದಿಲ್ಲ. ಬೆರಳು ಮಾಡಿದರೆ ಯಾರನ್ನೋ ಕರೆದ ಹಾಗೆ. ಸಣ್ಣವರಿದ್ದಾಗ ನಾವು ತಪ್ಪಿ ತೋರಿಸಿದರೆ ಅವ್ವ ಎದುರು ನಿಂತು ಹತ್ತೂ ಬೆರಳಿನ ತುದಿ ಕಚ್ಚಿಸುತ್ತಿದ್ದಳು. ಹೊರಗಿನವರು ಕೇಳಿದರೆ ಅಜ್ಜನ ಕಾಲದಿಂದಲೂ ಒಂದೇ ಉತ್ತರ. ಮೆಂಬರ್ ಆದ್ದರಿಂದ ನಾನೇ ಹೇಳಿದೆ.

"ಅಲ್ಲೇನಿಲ್ರಿ."

ಬರೆದುಕೊಂಡರು. ಪಂಚನಾಮೆಗೆ ನನ್ನಿಂದಲೇ ಸಹಿ ಹಾಕಿಸಿದರು. ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ತಿನ್ನಿಸಿ ಕಳಿಸಿದೆವು. ಅಧಿಕಾರಿಗಳ ಜೊತೆ ಮಾತಾಡುವ ಹದ ಈ ಊರಲ್ಲಿ ನನ್ನೊಬ್ಬನಿಗೇ ಗೊತ್ತು.

ಅವ್ವ ಕೇಳಿದಳು: "ಹಿರೇರ ಕಡಿ ಕಾಲಿಟ್ರೇನು?"

"ಇಲ್ಲಬೇ. ಏನಿಲ್ಲ ಅಂತ ಹೇಳಿ ಆ ಕಡಿಂದನ ಕರಕೊಂಡು ಬಂದೆ."

"ಚೊಲೊ ಮಾಡ್ದಿ," ಎಂದಳು.

ಜನವರಿ 14

ಸಂಕ್ರಾಂತಿ. ಸಜ್ಜೆ ರೊಟ್ಟಿ ತಿಂದು ಅವ್ವನನ್ನು ಸೈಕಲ್ ಮೋಟಾರಿನ ಹಿಂದೆ ಕೂರಿಸಿಕೊಂಡು ಮಡ್ಡಿಗೆ ಹೋಗಿದ್ದೆ. ಅಪ್ಪನ ಮಗ್ಗಲಲ್ಲಿ ಅವಳೇ ಹಾಕಿಸಿದ ಕಲ್ಲು ಇದೆ. ಬೇರೆ ಯಾವ ಕಲ್ಲೂ ಅಲ್ಲ, ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದ ಕಲ್ಲು. ಅಪ್ಪ ಬದುಕಿದ್ದಾಗ ಬೆಳಗ್ಗೆ ಆ ಬಡಿತಕ್ಕೆ ನಿದ್ದೆ ಕೆಡುತ್ತದೆಂದು ಬೈಯುತ್ತಿದ್ದ. ಅವನು ಹೋದ ವರ್ಷ ಅದನ್ನು ಚಕ್ಕಡಿಯಲ್ಲಿ ಹೇರಿಸಿ ತಂದು, "ಇದು ನನ್ನ ಜಾಗ, ಯಾರೂ ಕುಂದ್ರಬ್ಯಾಡ್ರಿ," ಎಂದು ಎಲ್ಲರಿಗೂ ಹೇಳಿದ್ದಳು.

ಇವತ್ತು ಕಲ್ಲಿನ ಮೇಲೆ ಕುಳಿತು ಎಲೆ ಅಡಿಕೆ ಹಾಕಿಕೊಂಡಳು. "ಇಲ್ಲಿ ನೆಲ ಒಣಗಿರತೈತಿ. ಕೆಳಗ ಗದ್ಯಾಗ ಮೊಳ ಅಗದ್ರ ನೀರು. ನನಗ ಮೊದಲ ಮಂಡಿ ನೋವು, ನೀರಾಗ ಕುಂದ್ರಾಕ ಆಗಂಗಿಲ್ಲ," ಎಂದಳು. ನಮ್ಮಲ್ಲಿ ಹೆಣವನ್ನು ಮಲಗಿಸುವುದಿಲ್ಲ, ಕೂರಿಸುತ್ತೇವೆ. ಸಾವಿನ ಮಾತಾಡಬೇಡ ಎಂದೆ. "ಸಾವಿಂದಲ್ಲೋ, ಮಂಡಿದು," ಎಂದು ನಕ್ಕಳು.

ಮಾರ್ಚ್ 3

ಪಂಚಾಯ್ತಿ ಎಲೆಕ್ಷನ್ನಿನಲ್ಲಿ ಮತ್ತೆ ಗೆದ್ದೆ. ಹೈಸ್ಕೂಲಿನ ಮಾತು ಕೆಲಸ ಮಾಡಿತು.

ಜೂನ್ 9

ಮಡ್ಡಿಗೆ ಜೆಸಿಬಿ ಬಂದಿದೆ. ಹೈಸ್ಕೂಲಿಗೆ ಪಾಯ ತೋಡುತ್ತಾರೆಂದು ಊರೆಲ್ಲ ಓಡಿತು. ಮುಂದೆ ನಾನು, ಕೊರಳಿಗೆ ಹೂವಿನ ಹಾರ ಒಂದು ಕಡಿಮೆ. ನೋಡಿದರೆ ಮಡ್ಡಿಯ ಸುತ್ತ ಆಳುದ್ದ ಕಂದಕ ತೋಡುತ್ತಿದ್ದಾರೆ. ಒಬ್ಬ ಹುಡುಗುಮುಖದ ಫಾರೆಸ್ಟರ್ ನಿಂತಿದ್ದ. ತಿಪ್ಪೇಶ್ ಅಂತ, ಕೂಡ್ಲಿಗಿ ಕಡೆಯವನು. ಮೆಂಬರ್ ಎಂದು ಗೊತ್ತಾದ ಮೇಲೆ ಮರ್ಯಾದೆಯಿಂದ ತಿಳಿಸಿ ಹೇಳಿದ.

"ಸಂಡೂರು ಕಡಿ ಒಂದು ಗುಡ್ಡ ಗಣಿಗೆ ಕೊಟ್ಟಾರ್ರಿ. ಅದು ಅರಣ್ಯ. ಅರಣ್ಯ ಕೊಡಬೇಕಂದ್ರ ದಿಲ್ಲಿ ಒಪ್ಪಿಗಿ ಬೇಕು. ದಿಲ್ಲಿಯವ್ರು ಕೊಡ್ತಾರ, ಆದ್ರ ಅಷ್ಟ ಜಮೀನು ಬ್ಯಾರೆ ಕಡಿ ಅರಣ್ಯಕ್ಕ ಬಿಟ್ಟುಕೊಡ್ರಿ, ಗಿಡ ಹಚ್ರಿ ಅಂತಾರ. ಜಿಲ್ಲಾದವ್ರು ಖಾಲಿ ಜಾಗ ಹುಡುಕಿದ್ರು. ನಿಮ್ಮ ಮಡ್ಡಿ ಸಿಕ್ತು."

"ಖಾಲಿ ಅಂದವ್ರು ಯಾರು?"

"ಅದು ನಂಗೊತ್ತಿಲ್ರಿ. ನನಗ ಕೊಟ್ಟ ನಕಾಶೆದಾಗ ಖಾಲಿ ಐತಿ."

ನಾನು ಬೈದೆ, ಅವನು ಕೇಳಿಸಿಕೊಂಡ. ಜೆಸಿಬಿ ತನ್ನ ಪಾಡಿಗೆ ತೋಡುತ್ತಲೇ ಇತ್ತು. ಬೈಗುಳಕ್ಕೆ ಎದುರು ಮಾತಾಡದವನನ್ನು ಎಷ್ಟು ಹೊತ್ತು ಬೈಯಲು ಬರುತ್ತದೆ?

ಜೂನ್ 13

ಹೊಸಪೇಟೆಗೆ ಹೋಗಿದ್ದೆ. ತೋರಣಗಲ್ಲಿನ ಕಡೆಗೆ ಹೊರಟ ಅದಿರು ಲಾರಿಗಳ ಸಾಲಿನಲ್ಲಿ ಬಸ್ಸು ಸಿಕ್ಕಿಕೊಂಡು, ತಹಶೀಲ್ದಾರ್ ಕಚೇರಿ ಮುಟ್ಟುವಷ್ಟರಲ್ಲಿ ಸಾಹೇಬರು ಊಟಕ್ಕೆ ಎದ್ದಿದ್ದರು. ಕಾದೆ. ಬಂದವರು ಒಳ್ಳೆಯ ಮನುಷ್ಯ. ಕೂರಿಸಿ ಕಡತ ತರಿಸಿದರು.

"ಸ್ಥಳದಾಗ ಸಮಾಧಿ, ಗುಡಿ, ಕಟ್ಟಡ ಯಾವುದೂ ಇರುವುದಿಲ್ಲ ಅಂತ ಪಂಚನಾಮೆ ಐತಲ್ರಿ. ಸಹಿ ಯಾರದು ನೋಡ್ರಿ."

ನನ್ನದೇ. ಕೆಳಗೆ 'ಮೆಂಬರ್' ಎಂದು ದಪ್ಪಗೆ ಬರೆದಿದ್ದೆ, ಮೇಲೆ ಅವರು ಏನು ಬರೆದಿದ್ದಾರೆಂದು ಓದಿರಲಿಲ್ಲ.

ನಮ್ಮಲ್ಲಿ ಹಾಗೆ ಹೇಳುವ ರೂಢಿ, ಸತ್ತವರ ಕಡೆ ಬೆರಳು ಮಾಡುವುದಿಲ್ಲ ಎಂದು ವಿವರಿಸಿದೆ. ಅವರು ನಗಲಿಲ್ಲ. "ರೂಢಿ ನನಗೂ ಗೊತ್ತೈತ್ರಿ, ನಮ್ಮ ಊರಾಗೂ ಹಂಗ. ಆದ್ರ ಈಗ ಜಮೀನು ನಮ್ಮ ಕೈಯಾಗಿಲ್ಲ. ಅರಣ್ಯಕ್ಕ ಹೋತು. ಅರಣ್ಯಕ್ಕ ಹೋದದ್ದು ಒಂದು ಕುಣಿ ಅಗಲ ವಾಪಸ್ ಬರಬೇಕಂದ್ರೂ ದಿಲ್ಲಿಗೇ ಹೋಗಬೇಕು."

ಬಸ್ಸಿನಲ್ಲಿ ಒಂದೇ ಯೋಚನೆ. ಗುಡ್ಡಕ್ಕೆ ಗುಡ್ಡವನ್ನೇ ಕೊಡಲು ದಿಲ್ಲಿಗೆ ದಾರಿ ಸಿಗುತ್ತದೆ. ಮುದುಕಿಯೊಬ್ಬಳು ಕೂರುವಷ್ಟು ಜಾಗಕ್ಕೆ ನಾನು ದಿಲ್ಲಿಯ ದಾರಿ ಹುಡುಕಬೇಕು. ಸಿಟ್ಟಿಗೆ ಊಟ ಸೇರಲಿಲ್ಲ. ಅವ್ವನಿಗೆ, ಆಗುತ್ತದೆ ಎಂದೆ.

ಆಗಸ್ಟ್ 21

ಕೊಟ್ರಬಸಮ್ಮನ ತಂಗಿಯ ಮನೆ ಸಂಡೂರಿನಲ್ಲಿ. ನಾಮಕರಣಕ್ಕೆ ಗಂಡ ಹೆಂಡತಿ ಹೋಗಿದ್ದೆವು. ಊಟವಾದ ಮೇಲೆ ನಾನೊಬ್ಬನೇ ಆ ಗುಡ್ಡ ನೋಡಲು ಹೊರಟೆ. ನಮ್ಮ ಮಡ್ಡಿಯನ್ನು ಯಾವುದಕ್ಕೆ ತೂಗಿ ಕೊಟ್ಟರೋ ಅದನ್ನು ಕಣ್ಣಿಂದ ಒಮ್ಮೆ ನೋಡಬೇಕಿತ್ತು. ದಾರಿಗೆ ಅಡ್ಡ ಗೇಟು. ಕಾವಲುಗಾರ ಪಾಸ್ ಕೇಳಿದ.

"ಈ ಗುಡ್ಡಕ್ಕ ಬದ್ಲಿ ಕೊಟ್ಟಿದ್ದು ನಮ್ಮೂರಿನ ಜಮೀನಪ್ಪ."

"ಹಂಗಂದ್ರ?"

ಹೇಳಲು ಹೋದರೆ ನನಗೇ ಹುಚ್ಚನ ಮಾತಿನಂತೆ ಕೇಳಿಸಿತು. ಅವನು ಪಾಪ ಕುಡಿಯಲು ನೀರು ಕೊಟ್ಟ. ಗೇಟಿನ ಆಚೆ ಗುಡ್ಡದ ತಲೆ ಕಾಣುತ್ತಿತ್ತು, ಹೋಳು ಮಾಡಿಟ್ಟ ಕಲ್ಲಂಗಡಿಯಂತೆ ಒಳಗೆಲ್ಲ ಕೆಂಪು. ಲಾರಿ ಹೋಗುತ್ತಿದ್ದವು, ಬರುತ್ತಿದ್ದವು. ಇದರಲ್ಲಿ ಒಂದು ಲಾರಿಯಷ್ಟು ಮಣ್ಣು ನಮ್ಮ ಮುಖಕ್ಕೆ ಎಸೆದು ಮಡ್ಡಿ ವಾಪಸ್ ಕೊಟ್ಟಿದ್ದರೆ ಒಪ್ಪಿಕೊಳ್ಳುತ್ತಿದ್ದೆ.

ನನ್ನ ಬಿಳಿ ಅಂಗಿ ಕೊಟ್ರಬಸಮ್ಮನ ಎರಡು ಒಗೆತಕ್ಕೂ ಬಿಳಿಯಾಗಲಿಲ್ಲ.

ಅಕ್ಟೋಬರ್ 3

ಮಾನಾಮಿ ಅಮಾವಾಸ್ಯೆ. ಹಿರಿಯರಿಗೆ ಹಾಲು ತುಪ್ಪ ಬಿಡುವ ದಿನ. ಈಗ ಕಂದಕದ ಒಳಗೆ ತಂತಿ ಬೇಲಿ, ಬೇಲಿಗೆ ಒಂದು ಗೇಟು. ತಿಪ್ಪೇಶ್ ಬೀಗ ತೆಗೆದು, "ಜಲ್ದಿ ಮುಗಸ್ರಿ, ಮ್ಯಾಲಿನವ್ರು ನೋಡಿದ್ರ ನನ್ನ ನೌಕ್ರಿ ಹೋಕ್ಕೈತಿ," ಎಂದು ಆ ಕಡೆ ಮುಖ ಮಾಡಿ ನಿಂತ.

ಅಪ್ಪನ ಎದುರಿಗೇ ಗಿಡಕ್ಕೆಂದು ಗುಂಡಿ ತೋಡಿದ್ದರು. ಅವ್ವ ತಿಪ್ಪೇಶನನ್ನು ಕರೆದು, "ತಮ್ಮಾ, ಯಾರ ಮನಿ ತಲಬಾಗಲಾಗ ಗುಂಡಿ ತೋಡೀರಿ ಗೊತ್ತೈತೇನು? ನಮ್ಮ ಯಜಮಾನಪ್ಪಗ ಕತ್ಲಾಗ ಕಣ್ಣು ಕಾಣಂಗಿಲ್ಲ," ಎಂದಳು. ಆ ಹುಡುಗ ತಾನೇ ಸಲಿಕೆ ತಂದು ಮುಚ್ಚಿದ. ಅಷ್ಟೇ ಅಲ್ಲ, ಹಿರಿಯರಿರುವ ಇಳಿಜಾರಿನಲ್ಲಿ ಎಲ್ಲೂ ಗುಂಡಿ ತೋಡಿಸುವುದಿಲ್ಲ, ಸದ್ಯ ಖಾಲಿ ಬಿಡುತ್ತೇನೆ ಎಂದ. ನನಗೆ ಅವನ ಮೇಲೆ ಸಿಟ್ಟು ಉಳಿಯಲಿಲ್ಲ.

ನವೆಂಬರ್ 18

ಇಲಾಖೆಯವರು ಊರಲ್ಲಿ ಗ್ರಾಮ ಅರಣ್ಯ ಸಮಿತಿ ಮಾಡುತ್ತಾರಂತೆ. ಅಧ್ಯಕ್ಷ ಊರಿನವನು, ಕಾರ್ಯದರ್ಶಿ ತಿಪ್ಪೇಶ್. "ನೀವ ಆಗ್ರಿ," ಎಂದ. "ಹೊರಗ ನಿಂತು ಕೂಗಿದ್ರ ಯಾರೂ ಕೇಳಂಗಿಲ್ರಿ. ಒಳಗಿದ್ರ ಅರ್ಜಿ ಮುಂದ ಹೋಕ್ಕೈತಿ."

ಅವನ ಮಾತಿನಲ್ಲಿ ಅರ್ಥವಿದೆ. ಆದೆ. ಪಡುವಣ ಇಳಿಜಾರನ್ನು ಊರಿಗೆ ಬಿಡಬೇಕೆಂದು ಮೊದಲ ಸಭೆಯಲ್ಲೇ ಠರಾವು ಬರೆಸಿ ಮೇಲಕ್ಕೆ ಕಳಿಸಿದೆ. ಗೇಟಿನ ಒಂದು ಬೀಗದ ಕೈ ಈಗ ನನ್ನ ಹತ್ತಿರ.

"ಮಡ್ಡಿ ಕಳಕೊಂಡು ಕೀಲಿಕೈ ಗಳಿಸಿದ್ರಿ," ಎಂದಳು ಕೊಟ್ರಬಸಮ್ಮ. ಇವಳಿಗೆ ನನ್ನ ಕಾಲೆಳೆಯದಿದ್ದರೆ ಅನ್ನ ಅರಗುವುದಿಲ್ಲ. ಅವ್ವ ಮಾತ್ರ ಬೀಗದ ಕೈ ಇಸಿದುಕೊಂಡು ಹೊತ್ತು ಮುಳುಗುವವರೆಗೆ ಸೆರಗಿಗೆ ಗಂಟು ಹಾಕಿಕೊಂಡಿದ್ದಳು. ಕೊಡುವಾಗ, "ನನ್ನ ಮನಿ ಕೀಲಿ ಮಗನ ಹತ್ರ ಐತಿ ಅಂದಂಗಾತು," ಎಂದಳು. ಬಹಳ ದಿನದ ಮೇಲೆ ಎದೆ ಹಗುರಾಯಿತು.

ಜನವರಿ 5, 2006

ಈ ಸಲ ಮಿಲ್ಲಿನ ಡೈರಿ ಬೇಕಾಗಲಿಲ್ಲ. ಸಮಿತಿಗೆ ಇಲಾಖೆಯದೇ ಬಂದಿದೆ. ಹಾಳೆ ದಪ್ಪ, ಮಸಿ ಒಡೆಯುವುದಿಲ್ಲ.

ಮಾರ್ಚ್ 12

ದುರ್ಗಕ್ಕನ ಆಡು ಮತ್ತೆ ಪ್ಲಾಂಟೇಶನ್ನಿಗೆ ನುಗ್ಗಿದ್ದವು. ಹೊಂಗೆ ಸಸಿಗಳ ತುದಿ ತಿಂದು ಹಾಕಿವೆ. ಹೇಳಿ ಹೇಳಿ ನನ್ನ ಬಾಯಿ ಸವೆಯಿತು. "ಇಲ್ಲೇ ಹುಟ್ಟಿ ಇಲ್ಲೇ ಮೇಯ್ದ ಆಡು, ಅವಕ್ಕ ನಿನ್ನ ಠರಾವು ಓದಾಕ ಬರಂಗಿಲ್ಲ," ಎನ್ನುತ್ತಾಳೆ. ಈ ಜನಕ್ಕೆ ತಿಳಿಸಿ ಹೇಳುವುದು ಬಲು ಕಷ್ಟ.

ಮೇ 24

ದುರ್ಗಕ್ಕನ ಗಂಡ ಹೊನ್ನೂರಪ್ಪ ಹೋಗಿಬಿಟ್ಟ. ಬಹಳ ದಿನದಿಂದ ಕೆಮ್ಮುತ್ತಿದ್ದ. ನಾಲ್ಕು ವರ್ಷ ಸಂಡೂರಿನ ಗಣಿಯಲ್ಲಿ ಕಲ್ಲು ಒಡೆದವನು. ಮುಂಜಾನೆ ದುರ್ಗಕ್ಕ ಮನೆ ಮುಂದೆ ನಿಂತು ಬೀಗದ ಕೈ ಕೇಳಿದಳು. ಬೀಗ ತೆಗೆಯುವುದು ನನ್ನೊಬ್ಬನ ಕೈಯಲ್ಲಿಲ್ಲ, ಮೇಲೆ ಕೇಳಬೇಕು, ನಾಳೆಯವರೆಗೆ ತಡೆ ಎಂದೆ. ಸೆರಗು ಹೊದ್ದು ಹೋದಳು.

ಮೇ 25

ಬೇಲಿ ಕತ್ತರಿಸಿ ಒಳಗೆ ಹೋಗಿ ಹುಗಿದು ಬಂದಿದ್ದಾರೆ. ಕೆಳಗಿನ ಮಗ್ಗಲಲ್ಲಿ ಹಸಿ ಮಣ್ಣು ದೂರದಿಂದಲೇ ಕಾಣುತ್ತದೆ. ನನಗೆ ಮೈಯೆಲ್ಲ ಉರಿಯಿತು. ಅರ್ಜಿ ಇನ್ನೇನು ಮುಂದೆ ಸರಿಯುತ್ತಿದೆ ಎನ್ನುವಾಗ ಇವರು ಹೀಗೆ ಮಾಡಿದರೆ ಮೇಲಿನವರು ನಮ್ಮನ್ನು ಏನೆಂದು ತಿಳಿಯುತ್ತಾರೆ? ಕೇರಿಗೆ ಹೋಗಿ ಹೇಳಿಯೇ ಬಂದೆ.

ದುರ್ಗಕ್ಕ ಅಳುತ್ತಿರಲಿಲ್ಲ. "ನಾಳಿ ಬಾ ಅಂದಿ. ಈ ಬಿಸಿಲಾಗ ಹೆಣ ನಾಳಿತನಕ ತಡಿತೈತೇನು ಮೆಂಬರಪ್ಪ?"

"ಎರಡ ದಿನದಾಗ ಪರ್ಮಿಶನ್ ತರ್ತಿದ್ದೆ."

"ನಿನಗ ಕೊಡ್ತಿದ್ರೇನು?"

"ಕೇಳೋ ರೀತಿಲೆ ಕೇಳಿದ್ರ ಕೊಡ್ತಾರ."

"ನೀ ಯಾರ ಕಡಿಯವ?" ಎಂದಳು. ಎದ್ದು ಬಂದೆ.

ಅಧ್ಯಕ್ಷನಾದ ಮೇಲೆ ವರದಿ ಮಾಡದೆ ಗತಿಯಿಲ್ಲ. 'ಯಾರೋ ಅಪರಿಚಿತರು ಅತಿಕ್ರಮ ಪ್ರವೇಶ ಮಾಡಿರುತ್ತಾರೆ' ಎಂದು ಬರೆದುಕೊಟ್ಟೆ. ದುರ್ಗಕ್ಕನ ಹೆಸರು ಹಾಕಲಿಲ್ಲ. ನಾನು ಅವಳಿಗೆ ಮಾಡಿದ ಉಪಕಾರ ಅವಳಿಗೆ ಗೊತ್ತಾಗುವುದಿಲ್ಲ.

ಜುಲೈ 19

ಠರಾವಿಗೆ ಉತ್ತರ ಬಂತು. ಕೋರಿಕೆಯು ಜಿಲ್ಲಾ ಮಟ್ಟದ ವ್ಯಾಪ್ತಿಗೆ ಬರುವುದಿಲ್ಲ. ಕೇಂದ್ರದ ಪೂರ್ವಾನುಮತಿ ಬೇಕು. ಅದಕ್ಕೆ ಇಲ್ಲಿಂದ ಪ್ರಸ್ತಾವನೆ ಹೋಗಬೇಕು. ಪ್ರಸ್ತಾವನೆ ಹೋಗಬೇಕಾದರೆ ಬಿಟ್ಟುಕೊಡುವ ಜಾಗಕ್ಕೆ ಬದಲಿ ಜಾಗ ತೋರಿಸಬೇಕು.

ಅಂದರೆ ಹಿರಿಯರ ಜಾಗಕ್ಕೆ ಬದಲು ಇನ್ನೊಂದು ಜಾಗ ನಾವು ಕೊಡಬೇಕು. ಎಲ್ಲಿದೆ? ಉಳಿದದ್ದೆಲ್ಲ ಗದ್ದೆ. ತಿಪ್ಪೇಶ್ ಕೂಡ ಓದಿ ನೋಡಿದ. "ನಾನೂ ಏನು ಮಾಡಾಕ ಆಗಂಗಿಲ್ರಿ," ಎಂದ. ಎಲ್ಲರೂ ಒಳ್ಳೆಯವರೇ, ಯಾರ ಕೈಯಲ್ಲೂ ಏನಿಲ್ಲ. ಆದರೂ ನಿಯಮದ ಪ್ರಕಾರ ಪ್ರಯತ್ನ ಬಿಡಬಾರದು. ಇನ್ನೊಂದು ಅರ್ಜಿ ಬರೆದೆ.

ಸೆಪ್ಟೆಂಬರ್ 2

ಅವ್ವ ಹಾಸಿಗೆ ಹಿಡಿದಿದ್ದಾಳೆ. ಕಂಪ್ಲಿಯ ಡಾಕ್ಟರು ವಯಸ್ಸು ಎಂದರು.

ಸೆಪ್ಟೆಂಬರ್ 6

"ಕೀಲಿಕೈ ಐತಿಲ್ಲೋ?" ಎಂದು ಕೇಳಿದಳು. ಇದೆ ಎಂದೆ. ತೋರಿಸು ಎಂದಳು. ತೋರಿಸಿದೆ. ಮತ್ತೆ ಕಣ್ಣು ಮುಚ್ಚಿದಳು.

ಸೆಪ್ಟೆಂಬರ್ 8

ಅವ್ವ ಹೋದಳು.

ಸೆಪ್ಟೆಂಬರ್ 11

ಬರೆಯಲೇಬೇಕು. ಬರೆಯದಿದ್ದರೆ ತಲೆಯೊಳಗೆ ಅದೇ ಸುತ್ತುತ್ತದೆ.

ಬೆಳಗ್ಗೆ ಹೋದಳು. ಬೀಗರು, ನೆಂಟರು ಮೆಟ್ರಿಯಿಂದ, ಕಂಪ್ಲಿಯಿಂದ ಬಂದು ಸೇರಿದರು. ನಾನು ತಿಪ್ಪೇಶನಿಗೆ ಫೋನು ಹಚ್ಚಿದೆ. ಟ್ರೇನಿಂಗ್ ಎಂದು ಊರು ಬಿಟ್ಟಿದ್ದ, ಫೋನು ಹತ್ತಲಿಲ್ಲ. ಮತ್ತೆ ಹಚ್ಚಿದೆ. ಹೊಸಪೇಟೆಯ ಅರಣ್ಯ ಕಚೇರಿಗೆ ಹಚ್ಚಿದರೆ ಸಾಹೇಬರು ಮೀಟಿಂಗಿನಲ್ಲಿದ್ದರು. ಕ್ರಿಯೆ ಮಾಡಿಸಲು ಬಂದ ಕೊಟ್ರಯ್ಯ ಸ್ವಾಮಿಗಳು, "ಹೊತ್ತು ಮುಳುಗೋದ್ರಾಗ ಆಗಬೇಕಪ್ಪ," ಎಂದು ಎರಡು ಸಲ ಹೇಳಿದರು. ಬೀಗದ ಕೈ ಅಂಗಿಯ ಜೇಬಿನಲ್ಲೇ ಇತ್ತು.

ದುರ್ಗಕ್ಕ ಬಂದಳು. ಮೇ ತಿಂಗಳಿಂದ ನಮ್ಮ ಮನೆ ಕಡೆ ಮುಖ ಹಾಕದವಳು, ಅವ್ವನ ಕಾಲು ಮುಟ್ಟಿ ನನ್ನ ಹತ್ತಿರ ಬಂದಳು. "ಕುಣಿ ನಮ್ಮ ಹುಡುಗ್ರು ತೋಡ್ತಾರ. ಕಲ್ಲು ಐತಿ, ಜಾಗ ಎಲ್ಲಾರಿಗೂ ಗೊತ್ತು. ಬೀಗ ತಗಿ ಸಾಕು."

ಅಲ್ಲಿದ್ದವರೆಲ್ಲ ನನ್ನನ್ನೇ ನೋಡಿದರು. ನಾನು ಹೇಳಿದೆ: ಅಧ್ಯಕ್ಷನೇ ಅತಿಕ್ರಮ ಮಾಡಿದರೆ ಕೇಸಾಗುತ್ತದೆ. ನನಗಾದರೆ ಆಗಲಿ, ಇಡೀ ಊರಿನ ಅರ್ಜಿ ವಜಾ ಆಗುತ್ತದೆ. ಅವ್ವನೊಬ್ಬಳಿಗಾಗಿ ಎಲ್ಲರ ಹಿರಿಯರ ದಾರಿ ಮುಚ್ಚಬಾರದು. ಸರಿಯಾದ ಮಾತೇ. ಕೊಟ್ರಬಸಮ್ಮ ಸೆರಗನ್ನು ಬಾಯಿಗೆ ಹಿಡಿದು ಒಳಗೆ ಹೋದಳು.

ನಮ್ಮ ಗದ್ದೆಯ ಬದುವಿನಲ್ಲಿ, ಇದ್ದುದರಲ್ಲಿ ಎತ್ತರದ ಕಡೆ ತೋಡಿಸಿದೆ. ಕಾಲುವೆ ತುಂಬಿ ಹರಿಯುವ ಕಾಲ. ಸೊಂಟದ ಆಳಕ್ಕೆ ನೀರು ಒಸರಿತು. ಬಕೆಟ್ಟಿನಲ್ಲಿ ಎತ್ತಿ ಹಾಕಿದರು, ಮತ್ತೆ ಬಂತು. ಮಿಲ್ಲಿನಿಂದ ಭತ್ತದ ಹೊಟ್ಟು ತಂದು ಸುರಿದರು, ಉಪ್ಪು ಸುರಿದರು. ಅವ್ವನನ್ನು ಕೂರಿಸುವಾಗ ನೀರು ಅವಳ ಮಂಡಿಯವರೆಗೆ ಬಂದಿತ್ತು. ಸ್ವಾಮಿಗಳು ಹಾಕಿದ ಬಿಲ್ವಪತ್ರೆ ತೇಲಿದವು. ಮಣ್ಣು ಎಳೆಯಿರಿ, ಬೇಗ ಎಳೆಯಿರಿ ಎಂದು ನಾನೇ ಕೂಗಿದೆನಂತೆ. ನನಗೆ ನೆನಪಿಲ್ಲ.

ಸೆಪ್ಟೆಂಬರ್ 13

ತಿಪ್ಪೇಶ್ ಬಂದಿದ್ದ. ಅವ್ವನ ಫೋಟೋಕ್ಕೆ ಕೈ ಮುಗಿದ. ಹೋಗುವಾಗ ಮೆಲ್ಲಗೆ, "ನಾನು ಊರಾಗ ಇರ್ಲಿಲ್ಲ ಅನ್ನೋದು ನಿಮಗ ಗೊತ್ತಿತ್ತಲ್ರಿ. ಬೀಗದ ಕೈನೂ ನಿಮ್ಮ ಹತ್ರನ ಇತ್ತು. ಬಂದಮ್ಯಾಲ ನಾನೇನು ಮಣ್ಣು ಕೆದರಿ ನೋಡ್ತಿದ್ನೇನ್ರಿ?" ಎಂದ.

ಅವನು ಇನ್ನೂ ಚಿಕ್ಕವನು. ಜವಾಬ್ದಾರಿ ಗೊತ್ತಾಗುವುದಿಲ್ಲ ಎಂದುಕೊಂಡೆ. ಆಮೇಲೆ ಹಿತ್ತಲಿಗೆ ಹೋಗಿ, ಒಗೆಯುವ ಕಲ್ಲು ಇದ್ದ ಖಾಲಿ ಜಾಗದಲ್ಲಿ ಕುಳಿತು ಅತ್ತೆ.

ಸೆಪ್ಟೆಂಬರ್ 22

ಅಮಾವಾಸ್ಯೆ. ಅವ್ವನಿಗೆ ಗದ್ದೆಯ ಬದುವಿನಲ್ಲಿ ಹಾಲು ತುಪ್ಪ ಬಿಟ್ಟೆ. ನೀರಿನಲ್ಲಿ ಬಿಟ್ಟ ಹಾಲು ಹರಡಿ ಹೋಯಿತು. ಅಪ್ಪನಿಗೆ ಬಿಡಲು ಈ ಸಲ ಪರ್ಮಿಶನ್ ಬಂದಿಲ್ಲ. ಕೊಟ್ರಬಸಮ್ಮ ಚೊಂಬು ಹಿಡಿದು ದುರ್ಗಕ್ಕನ ಜೊತೆ ಎಲ್ಲಿಗೋ ಹೋಗಿ ಬಂದಳು. ಸೀರೆಯ ಅಂಚು ತಂತಿಗೆ ಸಿಕ್ಕಿ ಹರಿದಿತ್ತು. ನಾನು ಕೇಳಲಿಲ್ಲ. ಕೇಳಿದರೆ ವರದಿ ಮಾಡಬೇಕಾಗುತ್ತದೆ.

ನವೆಂಬರ್ 30

ಪ್ಲಾಂಟೇಶನ್ ಸುತ್ತು ಹಾಕಿದೆ. ಬೇಲಿ ರಿಪೇರಿ ಆಯಿತು. ಸಸಿಗಳ ಬೆಳವಣಿಗೆ ಉತ್ತಮ. ಯಾರೂ ಇಲ್ಲ.

ಫೆಬ್ರವರಿ 14, 2007

ನಾಳೆ ದಿಲ್ಲಿಯಿಂದ ಪ್ಲಾಂಟೇಶನ್ ತನಿಖೆ. ಎರಡು ವರ್ಷದಿಂದ ದಿಲ್ಲಿ ದಿಲ್ಲಿ ಎನ್ನುತ್ತಿದ್ದೆ. ಅದೇ ಈಗ ಮಡ್ಡಿಗೆ ಬರುತ್ತಿದೆ. ಹಿರಿಯರ ವಿಷಯ ಅವರ ಎದುರೇ ಹೇಳಬೇಕು. ಏನು ಹೇಳಬೇಕೆಂದು ಬರೆದು ಬಾಯಿಪಾಠ ಮಾಡಿದೆ. ಕೊಟ್ರಬಸಮ್ಮನ ಎದುರು ಒಪ್ಪಿಸಿದೆ. ಐದು ತಿಂಗಳ ಮೇಲೆ ನನ್ನ ಮುಖ ನೋಡಿ, "ಹಿಂಗ ಹೇಳ್ರಿ, ನಾಚಬ್ಯಾಡ್ರಿ," ಎಂದಳು.

ತಿಪ್ಪೇಶ್ ಮಾತ್ರ, "ಸಮಾಧಿ ಅಂದ್ರ ತಕರಾರಿನ ಜಾಗ ಅಂತ ಬರೀತಾರ್ರಿ. ಜಾಗ ಬಿಟ್ಟುಕೊಡ್ತಾರೋ, ಇಲ್ಲಾ ಸಪಾಟ ಮಾಡಿ ಗಿಡ ಹಚ್ರಿ ಅಂತಾರೋ, ನನಗಂತೂ ಗೊತ್ತಿಲ್ಲ. ನೀವ ಯೋಚನಿ ಮಾಡ್ರಿ," ಎಂದ. ಅವನು ಹೇಳಿದ್ದೂ ಸರಿ, ಇವಳು ಹೇಳಿದ್ದೂ ಸರಿ.

ಫೆಬ್ರವರಿ 15

ಮೂರು ಜೀಪು ಬಂದವು. ದಿಲ್ಲಿಯ ಸಾಹೇಬರು ಬಿಳಿ ಟೊಪ್ಪಿಗೆ ಹಾಕಿದ್ದರು. ಕನ್ನಡದವರೇ ಅಂತೆ, ಮೈಸೂರಿನವರು. ಗೇಟು ತೆಗೆದು ಒಳಗೆ ಕರೆದುಕೊಂಡು ಹೋದೆ. ಹೊಂಗೆ, ಬೇವು ನೋಡಿ ಖುಷಿಪಟ್ಟರು. ಅಧ್ಯಕ್ಷರು ಮನೆಯ ಹಿತ್ತಲಿನಂತೆ ನೋಡಿಕೊಂಡಿದ್ದಾರೆ ಎಂದು ಎಲ್ಲರೆದುರು ಹೊಗಳಿದರು.

ಪಡುವಣ ಅಂಚಿಗೆ ಬಂದಾಗ ನಿಂತರು. "ಅಲ್ಲಿ ಏನಿದೆ? ಆ ಕಡೆ ಗಿಡ ಯಾಕೆ ಹಾಕಿಲ್ಲ?"

ತಿಪ್ಪೇಶ್ ನೆಲ ನೋಡಿದ. ಎಲ್ಲರೂ ನನ್ನ ಕಡೆ ತಿರುಗಿದರು. ಬಾಯಿಪಾಠ ಮಾಡಿದ್ದು ನಾಲಿಗೆಯ ಮೇಲೇ ಇತ್ತು. ಕೈ ಎತ್ತಿ ಆ ಕಡೆ ತೋರಿಸಿದೆ.

"ಅಲ್ಲೇನಿಲ್ರಿ," ಎಂದೆ.

"ಆ ಚಪ್ಪಡಿ ಕಲ್ಲು?"

"ಬಟ್ಟೆ ಒಗಿಯೋ ಕಲ್ಲು ಸರ್."

"ನೀರೇ ಇಲ್ಲದ ಕಡೆ ಬಟ್ಟೆ ಒಗೆಯೋ ಕಲ್ಲಾ?" ಎಂದು ಅವರು ನಕ್ಕರು. ಜೊತೆಯಲ್ಲಿದ್ದವರೂ ನಕ್ಕರು. ನಾನೂ ನಕ್ಕೆ. "ಮುಂದಿನ ಮಳೆಗಾಲಕ್ಕೆ ಅಲ್ಲಿಯೂ ಗುಂಡಿ ತೋಡಿಸಿ, ಜಾಗ ಖಾಲಿ ಬಿಡಬೇಡಿ," ಎಂದರು. ಆಗಲಿ ಸರ್ ಎಂದೆ. ತಿಪ್ಪೇಶ್ ಬರೆದುಕೊಂಡ. ಜೀಪುಗಳು ಹೋದ ಮೇಲೆ ನಾನೇ ಗೇಟಿಗೆ ಬೀಗ ಹಾಕಿ, ಜಗ್ಗಿ ನೋಡಿ ಬಂದೆ.

ಊಟಕ್ಕೆ ಕುಳಿತಾಗ ಕೊಟ್ರಬಸಮ್ಮ, 'ಹೇಳಿದ್ರೇನು' ಎಂದು ಕೇಳಲಿಲ್ಲ. ತಾಟಿಗೆ ರೊಟ್ಟಿ ಹಾಕುತ್ತ, "ಹಿರೇರ ಕಡಿ ಬೆರಳು ಮಾಡಿ ತೋರಿಸಿದ್ರಂತ. ದುರ್ಗಕ್ಕ ಕಂದಕದ ಆಚೆ ಆಡು ಕಾಯ್ತಿದ್ಲು, ನೋಡ್ಯಾಳ," ಎಂದಳು.

ಇಲ್ಲ ಎಂದೆ. ಆಮೇಲೆ ನೆನಪಾಯಿತು. ಹೌದು, ಮಾಡಿದ್ದೆ.

"ಬೆರಳು ಕಚ್ಚಿಕೊಂಡ್ರೋ ಇಲ್ಲೋ?"

ಮರೆತೇಬಿಟ್ಟಿದ್ದೆ. ಇಷ್ಟು ಹೊತ್ತಾದ ಮೇಲೆ ಕಚ್ಚಿಕೊಂಡರೆ ನಡೆಯುತ್ತದೋ ಇಲ್ಲವೋ, ಅವ್ವನನ್ನು ಕೇಳಬೇಕಿತ್ತು.